ಹಳೆ ಕಾರಿಗೆ ಮನೆಯಲ್ಲೇ ಪೇಂಟ್: ಬಣ್ಣ ಆರಿಸುವುದು ಕೊನೆಯ ಕೆಲಸ

ನನ್ನ ಫೋಕ್ಸ್‌ವ್ಯಾಗನ್ ಬೀಟಲ್ ಕಾರು 1970ರ ಗಾಡಿ. ಅಪ್ಪ ಓಡಿಸುತ್ತಿದ್ದದ್ದು, ಈಗ ನನ್ನ ಹತ್ತಿರ ಇದೆ. ಇದಕ್ಕೆ ನಾನು ಎರಡು ಸಲ ಪೇಂಟ್ ಮಾಡಿದ್ದೇನೆ, ಎರಡೂ ಸಲ ಮನೆಯ ಶೆಡ್ಡಿನಲ್ಲೇ. ಮೊದಲ ಸಲ ಮಾಡಿದ್ದನ್ನು ಐದು ವರ್ಷಕ್ಕೆ ಪೂರ್ತಿ ಕೆರೆದು ತೆಗೆಯಬೇಕಾಯಿತು. ಎರಡನೇ ಸಲದ್ದು ಇವತ್ತಿಗೂ ಮುಖ ನೋಡಿಕೊಳ್ಳುವ ಹಾಗಿದೆ. ಕೈ ಅದೇ, ಪೇಂಟ್ ಹೊಡೆಯುವ ಸ್ಪ್ರೇ ಗನ್ ಅದೇ, ಬಣ್ಣವೂ ಅದೇ ನೀಲಿ. ಬದಲಾದದ್ದು ಪೇಂಟಿನ ಜಾತಿ, ಮತ್ತೆ ಅದನ್ನು ಆರಿಸಿದ ರೀತಿ.

ಮೊದಲ ಸಲ "ಯಾವ ಬಣ್ಣ?" ಅಂತ ಶುರು ಮಾಡಿದ್ದೆ. ಬಹಳ ಜನ ಅಲ್ಲಿಂದಲೇ ಶುರು ಮಾಡುತ್ತಾರೆ ಅಲ್ವಾ? ಎರಡನೇ ಸಲ ಕೇಳಿಕೊಂಡದ್ದೇ ಬೇರೆ. ಎಲ್ಲಿ ನಿಂತು ಹೊಡೆಯುತ್ತೇನೆ, ಹೊಡೆಯುವಾಗ ಏನು ಉಸಿರಾಡುತ್ತೇನೆ, ಪೇಂಟಿನ ಕೆಳಗೆ ಏನಿದೆ. ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ಪೇಂಟ್ ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಪೇಂಟಿನಲ್ಲಿ ಎಷ್ಟು ಬಗೆ

ಲ್ಯಾಕರ್ ಅಂದರೆ ಥಿನ್ನರ್ ಆರಿಹೋದ ತಕ್ಷಣ ಒಣಗುವ ಪೇಂಟ್. 1920ರ ದಶಕದಲ್ಲಿ ಜನರಲ್ ಮೋಟರ್ಸ್ ಮತ್ತು ಡುಪಾಂಟ್ ಸೇರಿ ಡ್ಯೂಕೋ ಅನ್ನುವ ಹೆಸರಿನಲ್ಲಿ ಇದನ್ನು ಕಾರುಗಳಿಗೆ ತಂದವು. ಅದಕ್ಕೆ ಮೊದಲು ಒಂದು ಕಾರಿನ ಪೇಂಟ್ ಒಣಗಿ ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು. ಲ್ಯಾಕರ್ ಬಂದ ಮೇಲೆ ಅದು ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಮನೆಯಲ್ಲಿ ಮಾಡುವವರಿಗೆ ಇದು ಒಳ್ಳೆಯ ಗುಣ. ಧೂಳು ಕೂರುವುದಕ್ಕೆ ಸಮಯವೇ ಸಿಗುವುದಿಲ್ಲ, ತಪ್ಪಾದರೆ ಉಜ್ಜಿ ಮತ್ತೆ ಹೊಡೆಯಬಹುದು. ಆದರೆ ಒಣಗಿದ ಮೇಲೂ ಅದು ಥಿನ್ನರಿಗೆ ಕರಗುತ್ತದೆ. ಪೆಟ್ರೋಲ್ ಬಿದ್ದರೂ ಹಾಳಾಗುತ್ತದೆ.

ನನ್ನ ಮೊದಲ ಪೇಂಟ್ ಇದೇ. ನನ್ನ ಬೀಟಲ್‌ನಲ್ಲಿ ಪೆಟ್ರೋಲ್ ಹಾಕುವ ಬಾಯಿ ಬಲಗಡೆ, ಮುಂದಿನ ಬಾಗಿಲಿಗಿಂತ ಸ್ವಲ್ಪ ಮುಂದೆ ಇದೆ. ಪ್ರತಿ ಸಲ ಪೈಪ್ ತೆಗೆಯುವಾಗ ಒಂದೆರಡು ಹನಿ ಕೆಳಗೆ ಇಳಿಯುತ್ತಿತ್ತು. ಒಂದು ವರ್ಷದೊಳಗೆ ಆ ಮುಚ್ಚಳದ ಕೆಳಗೆ ಬೆರಳುದ್ದದ ಮಂಕು ಗೆರೆ ಬಿತ್ತು. ಪಾಲಿಶ್ ಮಾಡಿದರೆ ಹೋಗುತ್ತಿತ್ತು, ಮುಂದಿನ ತಿಂಗಳು ಮತ್ತೆ ಬರುತ್ತಿತ್ತು. ಜೊತೆಗೆ, ಜಾಸ್ತಿ ಹೊಳಪು ಬರಲಿ ಅಂತ ಹತ್ತು ಕೋಟ್ ಹೊಡೆದಿದ್ದೆ. ಲ್ಯಾಕರ್ ದಪ್ಪವಾದರೆ ಬಿಸಿಲಿಗೆ, ಚಳಿಗೆ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ನಾಲ್ಕನೇ ವರ್ಷಕ್ಕೆ ಬಾನೆಟ್ ಮೇಲೆ ಕೂದಲೆಳೆಯಂಥ ಬಿರುಕುಗಳು ಬಂದವು.

ಸಿಂಥೆಟಿಕ್ ಎನಾಮೆಲ್ ನಿಧಾನಕ್ಕೆ ಒಣಗುತ್ತದೆ. ಬ್ರಷ್ಷಿನಲ್ಲೂ ಹಚ್ಚಬಹುದು. ಚಾಸಿಸ್, ಚಕ್ರದ ಡಿಸ್ಕ್, ಒಳಭಾಗದ ಬ್ರಾಕೆಟ್‌ಗಳಿಗೆ ನಾನು ಇದನ್ನೇ ಬಳಸುವುದು. ಬಾಡಿಗೆ ಬೇಡ ಅನ್ನುತ್ತೇನೆ. ಒಣಗುವ ಹೊತ್ತಿಗೆ ಧೂಳೆಲ್ಲ ಅದರ ಮೇಲೆ ಕೂತಿರುತ್ತದೆ. ಅರ್ಧ ಒಣಗಿದಾಗ ಇನ್ನೊಂದು ಕೋಟ್ ಹೊಡೆದರೆ ಸುಕ್ಕುಗಟ್ಟುತ್ತದೆ.

2ಕೆ ಅಂದರೆ ಎರಡು ಡಬ್ಬದ ಪೇಂಟ್. ಪೇಂಟಿಗೆ ಹಾರ್ಡ್‌ನರ್ ಬೆರೆಸಿದಾಗ ಎರಡೂ ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಆಮೇಲೆ ಪೆಟ್ರೋಲಿಗೂ ಜಗ್ಗುವುದಿಲ್ಲ, ಥಿನ್ನರಿಗೂ ಜಗ್ಗುವುದಿಲ್ಲ. ಈಗ ನನ್ನ ಗಾಡಿಯ ಮೇಲಿರುವುದು ಇದೇ, ಒಂದೇ ಹಂತದ ಸಾಲಿಡ್ ಬಣ್ಣ. ಅಂದರೆ ಒಳಗೆ ಲೋಹದ ಚೂರುಗಳಿಲ್ಲ, ಮೇಲೆ ಬೇರೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಇಲ್ಲ, ಹೊಳಪು ಬಣ್ಣದಲ್ಲೇ ಇದೆ. ಮೆಟಾಲಿಕ್ ಬಣ್ಣವಾದರೆ ಬೇಸ್ ಕೋಟ್, ಅದರ ಮೇಲೆ ಕ್ಲಿಯರ್, ಹೀಗೆ ಎರಡು ಹಂತದಲ್ಲಿ ಹೋಗುವುದೇ ಸರಿ. ಆದರೆ ನಿಮ್ಮ ಗಾಡಿಗೆ ಹುಟ್ಟಿದಾಗ ಸಾಲಿಡ್ ಬಣ್ಣ ಇದ್ದಿದ್ದರೆ ಒಂದೇ ಹಂತದ್ದನ್ನು ಆರಿಸಿ. ಹಳೆ ಗಾಡಿಯ ಮೇಲೆ ಗಾಜಿನಂಥ ಕ್ಲಿಯರ್ ಕೋಟ್ ನನ್ನ ಕಣ್ಣಿಗೆ ಹೊಂದುವುದಿಲ್ಲ. ಒಂದೇ ಹಂತದ್ದಾದರೆ ಮುಂದೆ ಎಲ್ಲಾದರೂ ಗೀರು ಬಿದ್ದರೆ ರಿಪೇರಿಯೂ ಸುಲಭ.

ಉಸಿರಿನ ವಿಷಯ

ಇದನ್ನು ಮಾತ್ರ ಅವಸರದಲ್ಲಿ ಓದಬೇಡಿ.

2ಕೆ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಗನ್ನಿನಿಂದ ಹೊರಬಂದ ಮಂಜಿನಲ್ಲಿ ಅದು ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ತರುತ್ತದೆ. ಒಮ್ಮೆ ದೇಹ ಅದಕ್ಕೆ ಅಲರ್ಜಿ ಬೆಳೆಸಿಕೊಂಡರೆ, ಆಮೇಲೆ ತೀರಾ ಕಡಿಮೆ ಪ್ರಮಾಣಕ್ಕೂ ಉಸಿರು ಕಟ್ಟುತ್ತದೆ. ಚರ್ಮದ ಮೂಲಕವೂ ತೊಂದರೆ ಮಾಡುತ್ತದೆ. ಇನ್ನೂ ಕೆಟ್ಟದ್ದು ಏನೆಂದರೆ, ಅಪಾಯದ ಮಟ್ಟದಲ್ಲಿದ್ದರೂ ಅದರ ವಾಸನೆ ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಗಾಳಿ ಸೋಸುವ ಡಬ್ಬಿ ಇರುವ ಕಾರ್ಟ್ರಿಡ್ಜ್ ಮಾಸ್ಕ್ ಸೋರುತ್ತಿದ್ದರೂ, ಅದರ ಆಯುಷ್ಯ ಮುಗಿದಿದ್ದರೂ ನಿಮಗೆ ತಿಳಿಯುವುದೇ ಇಲ್ಲ. ಬಟ್ಟೆ ಕಟ್ಟಿಕೊಳ್ಳುವುದು, ಧೂಳಿನ ಮಾಸ್ಕ್ ಹಾಕುವುದು ಇದಕ್ಕೆ ಏನೂ ಅಲ್ಲ.

ಬೇಕಾದದ್ದು ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮಾಸ್ಕ್, ಮೈ ಮುಚ್ಚುವ ಸೂಟ್, ನೈಟ್ರೈಲ್ ಗ್ಲೌಸ್, ಕಣ್ಣೂ ಮುಚ್ಚಿರಬೇಕು. ಗಾಳಿ ಕೊಡುವ ಪಂಪ್ ಶೆಡ್ಡಿನ ಹೊರಗೆ, ಪೇಂಟಿನ ಹೊಗೆ ಹೋಗದ ಕಡೆ ಇರಬೇಕು. ಹೊಡೆದು ಮುಗಿಸಿ "ಹೇಗೆ ಬಂದಿದೆ ನೋಡೋಣ" ಅಂತ ಅಲ್ಲೇ ಮಾಸ್ಕ್ ಎತ್ತಬೇಡಿ. ಗನ್ ನಿಂತರೂ ಮಂಜು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಮಕ್ಕಳಿರುವ ಮನೆಗೆ ಅಂಟಿಕೊಂಡ ಶೆಡ್ ಆದರೆ 2ಕೆ ಹೊಡೆಯಲೇಬೇಡಿ.

ಈ ವ್ಯವಸ್ಥೆ ಆಗುವುದಿಲ್ಲ ಅಂದರೆ ಎರಡು ದಾರಿ ಇದೆ. ಒಂದು, ಲ್ಯಾಕರ್ ಹೊಡೆಯಿರಿ, ಅದಕ್ಕೆ ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಮತ್ತು ಒಳ್ಳೆ ಗಾಳಿಯಾಟ ಸಾಕು. ಇನ್ನೊಂದು, ಉಜ್ಜುವ, ತುಂಬುವ ಕೆಲಸ ಪೂರ್ತಿ ಮನೆಯಲ್ಲಿ ಮುಗಿಸಿ, ಕೊನೆಯ ಸ್ಪ್ರೇ ಮಾತ್ರ ಸ್ಪ್ರೇ ಬೂತ್ (ಪೇಂಟ್ ಹೊಡೆಯಲೆಂದೇ ಮಾಡಿದ ಕೋಣೆ) ಇರುವವರ ಹತ್ತಿರ ಮಾಡಿಸಿ. ಎರಡನೆಯದರಲ್ಲಿ ಅವಮಾನ ಏನೂ ಇಲ್ಲ. ಪೇಂಟ್ ಕೆಲಸದ ಮುಕ್ಕಾಲು ಪಾಲು ಗನ್ ಹಿಡಿಯುವ ಮೊದಲೇ ಮುಗಿದಿರುತ್ತದೆ, ಅದು ನಿಮ್ಮದೇ ಕೈಯಲ್ಲಿ ಆಗಿರುತ್ತದೆ.

ಸಣ್ಣ ತಗ್ಗು ತುಂಬಲು ದಪ್ಪಗೆ ಹೊಡೆಯುವ ಹೈ ಬಿಲ್ಡ್ ಪ್ರೈಮರುಗಳ ಹಾರ್ಡ್‌ನರಿನಲ್ಲೂ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತದೆ. ವಾಟರ್ ಬೇಸ್ ಪೇಂಟ್ ತಂದರೂ ಅದರ ಮೇಲೆ ಬರುವ ಕ್ಲಿಯರ್ ಕೋಟ್ 2ಕೆಯೇ. ಬೆಂಕಿಯ ವಿಷಯವೂ ಇದೆ. ಥಿನ್ನರ್ ಆವಿ ತುಂಬಿದ ಶೆಡ್ಡಿನಲ್ಲಿ ಸಾದಾ ಫ್ಯಾನಿನ ಕಿಡಿ, ಒಲೆಯ ಉರಿ, ಹೀಟರ್ ಯಾವುದೂ ಇರಬಾರದು.

ಕೆಳಗೆ ಏನಿದೆ

ಒಂದು ಬಿಳಿ ಬಟ್ಟೆಗೆ ಲ್ಯಾಕರ್ ಥಿನ್ನರ್ ಹಾಕಿ, ಕಾಣದ ಜಾಗದಲ್ಲಿ ಅರ್ಧ ನಿಮಿಷ ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಹಳೆಯದು ಲ್ಯಾಕರ್. ಉಬ್ಬಿ, ಮೆತ್ತಗಾಗಿ ಸುಕ್ಕಾದರೆ ಎನಾಮೆಲ್. ಏನೂ ಆಗದಿದ್ದರೆ ಫ್ಯಾಕ್ಟರಿಯಲ್ಲಿ ಬೇಯಿಸಿದ ಪೇಂಟ್ ಅಥವಾ 2ಕೆ. ಒಂದೇ ಕಡೆ ನೋಡಿ ಬಿಡಬೇಡಿ, ಪ್ರತಿ ಪ್ಯಾನೆಲ್‌ನಲ್ಲೂ ನೋಡಿ.

ನಾನು ಬಾಗಿಲಿನ ಮೇಲೆ ಮಾತ್ರ ನೋಡಿದ್ದೆ. ಏನೂ ಆಗಲಿಲ್ಲ, ಧೈರ್ಯ ಬಂತು. ಹಿಂದಿನ ಎಡ ಮಡ್‌ಗಾರ್ಡಿಗೆ ಲ್ಯಾಕರ್ ಹೊಡೆದು ಗನ್ ಕೆಳಗಿಡುವಷ್ಟರಲ್ಲಿ ಅಂಚಿನಿಂದ ಶುರುವಾಯಿತು. ನೋಡನೋಡುತ್ತ ಇಡೀ ಮೈ ವಯಸ್ಸಾದವರ ಕೈ ಚರ್ಮದ ಹಾಗೆ ಸುಕ್ಕುಗಟ್ಟಿತು. ಯಾವಾಗಲೋ ಆ ಮಡ್‌ಗಾರ್ಡಿಗೆ ಏಟು ಬಿದ್ದು, ಅದೊಂದಕ್ಕೇ ಯಾರೋ ಎನಾಮೆಲ್ ಹೊಡೆದಿದ್ದರು. ನನ್ನ ಥಿನ್ನರ್ ಅದನ್ನು ಕೆಳಗಿನಿಂದ ಎಬ್ಬಿಸಿಬಿಟ್ಟಿತು. ಬೀಟಲ್‌ನಲ್ಲಿ ನಾಲ್ಕೂ ಮಡ್‌ಗಾರ್ಡ್ ಬೋಲ್ಟ್ ಬಿಚ್ಚಿದರೆ ಕಳಚಿ ಬರುತ್ತವೆ, ಅದೊಂದು ಪುಣ್ಯ. ನಿಮ್ಮ ಗಾಡಿಯಲ್ಲೂ ಕಳಚಿ ಬರುವ ಭಾಗ ಯಾವುದಾದರೂ ಇದ್ದರೆ ಎಲ್ಲಕ್ಕಿಂತ ಮೊದಲು ಅದರ ಮೇಲೆ ಪ್ರೈಮರಿನಿಂದ ಪಾಲಿಶ್‌ವರೆಗೆ ಪೂರ್ತಿ ಕೆಲಸ ಮಾಡಿ ನೋಡಿ.

ಹಳೆ ಪೇಂಟಿನಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಹಾಗೇ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಾಕಿ ಉಜ್ಜಿ, ಇಲ್ಲವೇ ಪೇಂಟ್ ರಿಮೂವರ್ ಬಳಸಿ.

ತಗಡು ಕಂಡ ಮೇಲೆ

ಬರೀ ತಗಡು ಗಾಳಿಗೆ ಸಿಕ್ಕರೆ ತುಕ್ಕು ಕಾಯುತ್ತ ಕೂರುವುದಿಲ್ಲ. ಅವತ್ತು ಕೆರೆದದ್ದಕ್ಕೆ ಅವತ್ತೇ ಪ್ರೈಮರ್ ಬೀಳಬೇಕು. ಬರಿಗೈಲಿ ಮುಟ್ಟಲೂ ಬೇಡಿ, ಬೆರಳಿನ ಬೆವರು ಸಾಕು. ನಾನು ಬಳಸುವುದು ಎಪಾಕ್ಸಿ ಪ್ರೈಮರ್. ಅದು ತಗಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ತೇವ ಒಳಗೆ ಬಿಡುವುದಿಲ್ಲ. ಎಚ್ (etch) ಪ್ರೈಮರ್ ಅಂತ ಆಮ್ಲ ಇರುವ ಬಗೆಯೊಂದಿದೆ. ಅದರ ಮೇಲೆ ನೇರವಾಗಿ ಪುಟ್ಟಿ ಹಾಕಬಾರದು, ಎಪಾಕ್ಸಿಯನ್ನೂ ಹೊಡೆಯಬಾರದು. ಎರಡರಲ್ಲಿ ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ.

ನೆಗ್ಗನ್ನು ಆದಷ್ಟೂ ಬಡಿದು ಸರಿಮಾಡಿ, ಉಳಿದದ್ದಕ್ಕೆ ಮಾತ್ರ ಪುಟ್ಟಿ. 3 ಮಿಲಿಮೀಟರಿಗಿಂತ ದಪ್ಪ ಬೇಡ. ಹಾರ್ಡ್‌ನರ್ ತೂಕದಲ್ಲಿ ಸುಮಾರು 2 ಶೇಕಡ. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಅದರ ಕಲೆ ತಿಂಗಳ ಮೇಲೆ ಪೇಂಟನ್ನು ದಾಟಿ ಬರುತ್ತದೆ. ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ. ಅದು ನೀರು ಹೀರಿಕೊಂಡು ಒಳಗಿಟ್ಟುಕೊಳ್ಳುತ್ತದೆ, ಆಮೇಲೆ ಪೇಂಟಿನಲ್ಲಿ ಗುಳ್ಳೆ ಬರುತ್ತದೆ. ಮೊದಲು 80ರ ಉಜ್ಜುವ ಕಾಗದ, ಆಮೇಲೆ 180 (ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು).

ನಂತರ ಹೈ ಬಿಲ್ಡ್ ಪ್ರೈಮರ್ ಎರಡು ಮೂರು ಕೋಟ್. ಇಲ್ಲಿಂದ ಶುರುವಾಗುವ ಕೆಲಸ ನನಗೆ ಇಡೀ ಪೇಂಟಿಂಗ್‌ನಲ್ಲೇ ಇಷ್ಟವಾದದ್ದು. ಪ್ರೈಮರ್ ಒಣಗಿದ ಮೇಲೆ ಕಪ್ಪು ಸ್ಪ್ರೇ ಡಬ್ಬವನ್ನು ದೂರದಿಂದ, ಮಸಿ ಚಿಮುಕಿಸಿದ ಹಾಗೆ ತೆಳ್ಳಗೆ ಹೊಡೆಯಬೇಕು. ಇದಕ್ಕೆ ಗೈಡ್ ಕೋಟ್ ಅನ್ನುತ್ತಾರೆ. ಆಮೇಲೆ ಉದ್ದದ ಉಜ್ಜುವ ಹಲಗೆಗೆ 320ರ ಕಾಗದ ಸುತ್ತಿ ಓರೆಯಾಗಿ, ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಉಜ್ಜಬೇಕು. ಎತ್ತರ ಇದ್ದ ಕಡೆ ಕಪ್ಪು ಮೊದಲು ಹೋಗುತ್ತದೆ. ತಗ್ಗಿನಲ್ಲಿ ಚುಕ್ಕೆ ಚುಕ್ಕೆಯಾಗಿ ಉಳಿಯುತ್ತದೆ. ಬಲಗಡೆ ಬಾಗಿಲು ಕಣ್ಣಿಗೆ ಕನ್ನಡಿಯ ಹಾಗೆ ನೇರ ಕಾಣುತ್ತಿತ್ತು. ಉಜ್ಜಿದ ಮೇಲೆ ಹಿಡಿಕೆಯ ಕೆಳಗೆ ಅಂಗೈಯಗಲದ ಕಪ್ಪು ಮಚ್ಚೆ ಉಳಿಯಿತು. ಕಣ್ಣು ಮುಚ್ಚಿ, ಬಾಗಿಲಿನ ಮೇಲೆ ತೆಳು ಬಟ್ಟೆ ಹಾಕಿ ಅಂಗೈ ಆಡಿಸಿದೆ. ತಗ್ಗು ಕೈಗೆ ಸಿಕ್ಕಿತು. ಆ ಮಚ್ಚೆ ಹೋಗಲಿ ಅಂತ ಅಲ್ಲೇ ಒತ್ತಿ ಉಜ್ಜಿದರೆ ಹಳ್ಳ ಇನ್ನೂ ದೊಡ್ಡದಾಗುತ್ತದೆ. ಮತ್ತೆ ಪ್ರೈಮರ್ ತುಂಬಿ, ಮತ್ತೆ ಕಪ್ಪು ಚಿಮುಕಿಸಿ, ಮತ್ತೆ ಉಜ್ಜಬೇಕು. ಆ ಬಾಗಿಲಿಗೆ ನಾನು ಮೂರು ಸುತ್ತು ಹೋದೆ. ಹೊಳೆಯುವ ಪೇಂಟ್ ತಗ್ಗನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಕೊನೆಗೆ ಸಾಲಿಡ್ ಬಣ್ಣಕ್ಕಾದರೆ 500 ಅಥವಾ 600ರಲ್ಲಿ ನೀರು ಹಾಕಿ ಉಜ್ಜಿ, ಮೆಟಾಲಿಕ್‌ಗಾದರೆ 800.

ಈಗ ಬಣ್ಣ

ಹೊರಗಿನ ಬಣ್ಣವನ್ನು ನಂಬಬೇಡಿ, ಅದು ವರ್ಷಗಟ್ಟಲೆ ಬಿಸಿಲು ತಿಂದಿರುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ, ರಬ್ಬರ್ ಬೀಡಿಂಗ್ ಕೆಳಗೆ ನೋಡಿ. ನಮ್ಮ ಗಾಡಿಯಲ್ಲಿ ಡಿಕ್ಕಿಯ ರಬ್ಬರ್ ಎಳೆದಾಗ ಕಂಡ ನೀಲಿ, ಹೊರಗಿನದಕ್ಕಿಂತ ಎಷ್ಟೋ ಗಾಢವಾಗಿತ್ತು. ಅಪ್ಪನನ್ನು ಕರೆದು ತೋರಿಸಿದೆ. "ಹೂಂ, ತಂದಾಗ ಹೀಗೇ ಇತ್ತು" ಅಂದರು. ಗಾಡಿಯಲ್ಲಿ ಬಣ್ಣದ ಕೋಡ್ ಪ್ಲೇಟ್ ಇದ್ದರೆ ಅದರ ನಂಬರ್ ಕೊಟ್ಟು ಮಾಡಿಸಿ. ಆದರೂ ಡಬ್ಬವನ್ನು ಹಾಗೇ ನಂಬಬೇಡಿ. ಒಂದು ಕಾರ್ಡಿಗೆ ಅದೇ ಗನ್ನಿನಲ್ಲಿ, ಅದೇ ಸಂಖ್ಯೆಯ ಕೋಟ್ ಹೊಡೆದು, ಒಣಗಿದ ಮೇಲೆ ಮಧ್ಯದಲ್ಲಿ ತೂತು ಮಾಡಿ. ಆ ತೂತನ್ನು ಹಳೆ ಬಣ್ಣದ ಮೇಲಿಟ್ಟು ಬಿಸಿಲಲ್ಲಿ, ನೆರಳಲ್ಲಿ, ದೀಪದ ಬೆಳಕಲ್ಲಿ ನೋಡಿ. ಒಂದು ಬೆಳಕಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಬೇರೆಯೇ ಕಾಣಬಹುದು. ಒಟ್ಟು ಗಾಡಿಗೆ ಬೇಕಾಗುವಷ್ಟನ್ನೂ ಒಂದೇ ಸಲ ಬೆರೆಸಿಸಿ.

ಹೊಡೆಯುವ ದಿನ

20ರಿಂದ 25 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. ತಗಡು ತಣ್ಣಗಿದ್ದು ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅವತ್ತು ಬಿಟ್ಟುಬಿಡಿ. ಲ್ಯಾಕರ್ ಅಂತೂ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ನೆಲಕ್ಕೆ ನೀರು ಚಿಮುಕಿಸಿ, ಧೂಳು ಕೂರುತ್ತದೆ.

ಗ್ರೀಸ್ ರಿಮೂವರಿನಲ್ಲಿ ಒರೆಸುವಾಗ ಎರಡು ಬಟ್ಟೆ ಬೇಕು. ಒಂದರಲ್ಲಿ ಒದ್ದೆ ಮಾಡಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿ. ಒಂದೇ ಬಟ್ಟೆಯಾದರೆ ಜಿಡ್ಡನ್ನು ಸುಮ್ನೆ ಅತ್ತಿಂದಿತ್ತ ಸವರಿದ ಹಾಗೆ. ಹಳೆ ಪಾಲಿಶ್‌ನ ಸಿಲಿಕೋನ್ ಉಳಿದರೆ ಪೇಂಟ್ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ.

ಬೆರೆಸುವ ಪ್ರಮಾಣವನ್ನು ಡಬ್ಬದ ಮೇಲೆ, ಇಲ್ಲವೇ ಕಂಪನಿಯ ಮಾಹಿತಿ ಹಾಳೆಯಲ್ಲಿ ನೋಡಿ. ನನ್ನ ಮಾತಿಗೂ ಅದಕ್ಕೂ ವ್ಯತ್ಯಾಸ ಬಂದರೆ ಹಾಳೆಯದ್ದೇ ಸರಿ. ಅಳತೆ ಗೆರೆಗಳಿರುವ ಕಪ್ ಬಳಸಿ, ಅಂದಾಜು ಬೇಡ. ಜಾಲರಿಯಲ್ಲಿ ಸೋಸಿಯೇ ಗನ್ನಿಗೆ ಹಾಕಿ.

ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಒತ್ತಡದ) ಗನ್ ಆದರೆ ಪೇಂಟಿಗೆ 1.3 ಅಥವಾ 1.4 ಮಿಲಿಮೀಟರಿನ ನಾಝಲ್, ಹೈ ಬಿಲ್ಡ್ ಪ್ರೈಮರಿಗೆ 1.7 ಅಥವಾ 1.8. ಈ ಗನ್ ತುಂಬಾ ಗಾಳಿ ಕುಡಿಯುತ್ತದೆ. ಸಣ್ಣ ಕಂಪ್ರೆಸರ್ ಆದರೆ ಮಧ್ಯದಲ್ಲೇ ಒತ್ತಡ ಬೀಳುತ್ತದೆ, ಪೇಂಟ್ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗುತ್ತದೆ. ನನ್ನದು ಸಣ್ಣದೇ. ಅದಕ್ಕೇ ಒಂದು ಪ್ಯಾನೆಲ್ ಹೊಡೆದು, ಟ್ಯಾಂಕ್ ತುಂಬುವವರೆಗೆ ಕಾದು, ಇನ್ನೊಂದಕ್ಕೆ ಹೋಗುತ್ತಿದ್ದೆ. ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಇರಲೇಬೇಕು, ಟ್ಯಾಂಕಿನ ನೀರನ್ನೂ ಬೆಳಿಗ್ಗೆ ಬಿಟ್ಟುಬಿಡಿ.

ಮೊದಲು ಗೋಡೆಗೆ ಅಂಟಿಸಿದ ಕಾಗದದ ಮೇಲೆ ಹೊಡೆದು ನೋಡಿ. ಮೇಲಿಂದ ಕೆಳಗೆ ಒಂದೇ ಸಮ ಉದ್ದನೆಯ ಮೊಟ್ಟೆಯಾಕಾರ ಬರಬೇಕು. ಗಾಡಿಯಿಂದ ಸುಮಾರು 15ರಿಂದ 20 ಸೆಂಟಿಮೀಟರ್ ದೂರ. ಅಂಚಿಗಿಂತ ಮೊದಲೇ ಟ್ರಿಗರ್ ಒತ್ತಿ, ಅಂಚು ದಾಟಿದ ಮೇಲೆ ಬಿಡಿ. ಒಂದು ಸಾಲಿನ ಅರ್ಧಕ್ಕಿಂತ ಜಾಸ್ತಿ ಭಾಗದ ಮೇಲೆ ಮುಂದಿನ ಸಾಲು ಬರಲಿ. ಮಣಿಕಟ್ಟು ತಿರುಗಿಸಬೇಡಿ, ತೋಳು ಮತ್ತು ಕಾಲು ಸಾಗಲಿ. ತಿರುಗಿಸಿದರೆ ಮಧ್ಯೆ ದಪ್ಪ, ತುದಿಗಳಲ್ಲಿ ತೆಳು. ಪೇಂಟ್ ಇಲ್ಲದ ಗನ್ ಹಿಡಿದು ಗಾಡಿಯ ಸುತ್ತ ಎರಡು ಸುತ್ತು ನಡೆದು ಅಭ್ಯಾಸ ಮಾಡಿ. ಪೈಪ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ಆಗಲೇ ಗೊತ್ತಾಗುತ್ತದೆ. ರೂಫ್‌ನಿಂದ ಶುರು ಮಾಡಿ ಕೆಳಗೆ ಬನ್ನಿ.

ಮೊದಲ ಕೋಟ್ ತೆಳ್ಳಗೆ. ಅದು ಕೆಳಗಿನದನ್ನು ಪೂರ್ತಿ ಮುಚ್ಚದಿದ್ದರೂ ಚಿಂತೆ ಇಲ್ಲ. ಎರಡನೆಯದು, ಮೂರನೆಯದು ತುಂಬು ಒದ್ದೆಯಾಗಿ. ನಡುವೆ ಹತ್ತು ಹದಿನೈದು ನಿಮಿಷ ಬಿಡಬೇಕು. ಆಯಿತಾ ಅಂತ ನೋಡಲು ಪೇಂಟ್ ಮುಟ್ಟಬೇಡಿ, ಪಕ್ಕದ ಮಾಸ್ಕಿಂಗ್ ಟೇಪ್ ಮೇಲೆ ಬಿದ್ದದ್ದನ್ನು ಮುಟ್ಟಿ. ಬೆರಳು ಎತ್ತಿದಾಗ ಎಳೆ ಬರದೆ ಬರೀ ಅಂಟಂಟು ಅನ್ನಿಸಿದರೆ ಮುಂದಿನ ಕೋಟಿಗೆ ಸಮಯ. ಅವಸರ ಮಾಡಿದರೆ ಒಳಗೆ ಸಿಕ್ಕಿಕೊಂಡ ಥಿನ್ನರ್ ಸೂಜಿಮೊನೆಯಂಥ ಗುಳ್ಳೆ ಎಬ್ಬಿಸುತ್ತದೆ. ಮೆಟಾಲಿಕ್ ಆದರೆ ಕಳಚಿದ ಭಾಗಗಳನ್ನೂ ಗಾಡಿಯಲ್ಲಿ ಇರುವ ದಿಕ್ಕಿನಲ್ಲೇ ನೇತುಹಾಕಿ ಹೊಡೆಯಿರಿ. ಒಂದು ಮಲಗಿ, ಇನ್ನೊಂದು ನಿಂತು ಇದ್ದರೆ ಒಳಗಿನ ಲೋಹದ ಚೂರುಗಳು ಬೇರೆ ಬೇರೆಯಾಗಿ ಕೂತು ಬಣ್ಣವೇ ಬೇರೆ ಕಾಣುತ್ತದೆ.

ಪೇಂಟ್ ಇಳಿದರೆ, ಹುಳ ಕೂತರೆ, ಕೈ ಹಾಕಬೇಡಿ. ನನ್ನದು ಎಡ ಬಾಗಿಲಿನ ಕೆಳಗೆ ಎರಡು ಕಡೆ ಇಳಿದಿತ್ತು. ಒರೆಸಬೇಕು ಅಂತ ಕೈ ತುರಿಸಿತು, ತಡೆದುಕೊಂಡೆ. ಗಟ್ಟಿಯಾದ ಮೇಲೆ ಪುಟ್ಟ ಹಲಗೆಗೆ 1000ದ ಕಾಗದ ಸುತ್ತಿ, ನೀರು ಹಾಕಿ, ಆ ಉಬ್ಬನ್ನು ಮಾತ್ರ ಇಳಿಸಿದೆ. ಈಗ ಎಲ್ಲಿತ್ತು ಅಂತ ನನಗೇ ಗೊತ್ತಾಗುವುದಿಲ್ಲ. ಟೇಪನ್ನು ಪೇಂಟ್ ಪೂರ್ತಿ ಗಟ್ಟಿಯಾಗುವ ಮೊದಲೇ ಎಳೆಯಿರಿ, ತನ್ನ ಮೇಲೆ ತಾನೇ ಮಡಚಿ ಬರುವ ಹಾಗೆ, ನಿಧಾನಕ್ಕೆ.

ಆಮೇಲೆ

ಬೆರಳಿಗೆ ಒಣಗಿದ್ದು ಬೇರೆ, ಒಳಗೆ ಗಟ್ಟಿಯಾಗುವುದು ಬೇರೆ. ನಾನು ಒಂದು ವಾರ ಬಿಟ್ಟು 1500, 2000, 3000ದ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಕಾಂಪೌಂಡ್ ಹಾಕಿ ಹೊಳಪು ತಂದೆ. ಪೇಂಟಿನ ಮೇಲ್ಪದರ ಹೆಚ್ಚುಕಡಿಮೆ ಒಂದು ತಲೆಕೂದಲಿನಷ್ಟೇ ದಪ್ಪ ಇರುತ್ತದೆ ಅನ್ನುವುದು ನೆನಪಿರಲಿ. ಅಂಚು, ಏಣುಗಳ ಮೇಲೆ ಇನ್ನೂ ತೆಳು. ಅಲ್ಲಿಗೆಲ್ಲ ಟೇಪ್ ಅಂಟಿಸಿಕೊಂಡು ಉಜ್ಜಿ, ಕೊನೆಗೆ ಟೇಪ್ ತೆಗೆದು ಮೆಷಿನ್ ಇಲ್ಲದೆ ಕೈಯಲ್ಲೇ ಕಾಂಪೌಂಡ್ ಹಚ್ಚಿ. ಒಂದೇ ಹಂತದ ಪೇಂಟ್ ಆದರೆ ಬಟ್ಟೆಗೆ ಬಣ್ಣ ಬರುತ್ತದೆ, ಗಾಬರಿ ಬೇಡ. ಕ್ಲಿಯರ್ ಕೋಟ್ ಇರುವ ಗಾಡಿಯಲ್ಲಿ ಬಟ್ಟೆಗೆ ಬಣ್ಣ ಬಂದರೆ ಮಾತ್ರ ತಕ್ಷಣ ನಿಲ್ಲಿಸಿ, ಕ್ಲಿಯರ್ ತೂತಾಗಿದೆ ಅಂತ ಅರ್ಥ.

ವ್ಯಾಕ್ಸ್ ಹಚ್ಚಲು ಎರಡು ಮೂರು ತಿಂಗಳು ಕಾಯಿರಿ, ಒಳಗಿನ ಥಿನ್ನರ್ ಪೂರ್ತಿ ಹೊರಗೆ ಹೋಗಬೇಕು. ಮಡ್‌ಗಾರ್ಡ್ ಜೋಡಿಸುವಾಗ ಹೊಸ ಬೀಡಿಂಗ್ ಹಾಕಿ, ಎಲ್ಲ ಬೋಲ್ಟನ್ನೂ ಕೈಯಲ್ಲಿ ಕೂರಿಸಿದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ.

ಹಾರ್ಡ್‌ನರ್ ಬೆರೆಸದ ಪೇಂಟ್ ಮಿಕ್ಕಿದ್ದರೆ ಚಿಕ್ಕ ಗಾಜಿನ ಬಾಟಲಿಗೆ ಬಾಯಿಯವರೆಗೆ ತುಂಬಿ ಬಿಗಿಯಾಗಿ ಮುಚ್ಚಿಡಿ. ಕಲ್ಲು ಸಿಡಿದು ಚುಕ್ಕೆ ಎದ್ದಾಗ ಬೇಕಾಗುತ್ತದೆ. ಮುಚ್ಚಳದ ಮೇಲೆ ಬಣ್ಣದ ಕೋಡ್, ಬೆರೆಸುವ ಪ್ರಮಾಣ, ತಾರೀಖು ಮೂರನ್ನೂ ಬರೆಯಿರಿ. ಹಾಗೆ ಬರೆದಿಟ್ಟ ನೀಲಿ ಬಾಟಲಿಯೊಂದು ಈಗಲೂ ನನ್ನ ಶೆಡ್ಡಿನ ಕಪಾಟಿನಲ್ಲಿದೆ.